ಜಾವಾ ವೈವಾದಲ್ಲಿ ಅಜ್ಜಿಯ ಸೀರೆ ಟ್ರಂಕು

ಗೆಳೆಯರೇ, ಇವತ್ತು ಕಾಲೇಜಿನ ಜಾವಾ ಪ್ರೋಗ್ರಾಮಿಂಗ್ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನನ್ನ ಇಂಟರ್ನಲ್ ಮಾರ್ಕ್ಸ್ ಹೋಗೇಬಿಡುತ್ತಿತ್ತು.

"ನಾಯಿ ಅಂದ್ರ ಪ್ರಾಣಿನ. ಮತ್ತ ನಾಯಿಗಳ ಲಿಸ್ಟ್ ಯಾಕ ಪ್ರಾಣಿಗಳ ಲಿಸ್ಟ್ ಆಗಂಗಿಲ್ಲ?" ಅಂದರು ಸರ್. ಉರುಹೊಡೆದ ಇಂಗ್ಲಿಷ್ ಉತ್ತರದ ಒಂದಕ್ಷರವೂ ನೆನಪಾಗಲಿಲ್ಲ.

ನೆನಪಾದದ್ದು ಬನಹಟ್ಟಿಯ ಅಜ್ಜಿ. ಚಿಕ್ಕಂದಿನಲ್ಲಿ ಅವಳ ಸೀರೆ ಟ್ರಂಕಿಗೆ ಅಜ್ಜನ ಧೋತರ ತುರುಕಿ, "ಎರಡೂ ಅರಬಿನ, ಬಟ್ಟಿನ ಅಲ್ಲೇನ ಆಯಿ?" ಎಂದಿದ್ದೆ. ಅಜ್ಜಿ ಸಿಡುಕಿದ್ದಳು: "ತಗಿಯೂದಾದ್ರ ಅರಬಿ ಅಂತ ತಗಿ. ಇಡೂದಾದ್ರ ಸೀರಿ ಅಷ್ಟ ಇಡಲೇ. ನಾಳೆ ಮದವಿಗೆ ನಾ ಧೋತರ ಉಟ್ಕೊಂಡು ಹೋಗಲೇನು?"

ಅದನ್ನೇ ಹೇಳಿ, "ನಾಯಿಗಳ ಲಿಸ್ಟಿಗೆ ಪ್ರಾಣಿಗಳ ಲಿಸ್ಟ್ ಅಂದ್ರ ಅದರಾಗ ಯಾರರ ಬೆಕ್ಕು ಇಟ್ಟಬಿಡತಾರ್ರೀ ಸರ್" ಎಂದೆ. ಅವರು ನಕ್ಕು ಮಾರ್ಕ್ಸ್ ಹಾಕಿದರು. "ಖರೆ ಐತಿ. ಪರೀಕ್ಷ್ಯಾಗ ಮಾತ್ರ ಇಂಗ್ಲಿಷ್‌ನ್ಯಾಗ ಬರಿ."

ಹಾಸ್ಟೆಲ್ ಸೇರಿದ ಮೇಲೆ ಅಜ್ಜಿಯ ಬೈಗುಳ ಇಷ್ಟು ಸ್ಪಷ್ಟವಾಗಿ ಕೇಳಿದ್ದು ಇವತ್ತೇ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು, ಯಾರಾದರೂ ಹೇಳಿ.