ಹತ್ತು ತಿಂಗಳ ಕಾಯಿ

ಮೊನ್ನೆ ಶನಿವಾರ ತಿಪಟೂರಿನ ಅಂಗಡಿಯೊಂದರ ಮುಂದೆ ನಾನು ನಿಂತಿದ್ದ ಭಂಗಿಯನ್ನು ನೋಡಿದ್ದರೆ ನೀವು ನಗುತ್ತಿದ್ದಿರಿ. ಎಡಗಿವಿಗೆ ಫೋನು, ಬಲಗಿವಿಗೆ ತೆಂಗಿನಕಾಯಿ. ಚಟ್ನಿಗೆ ಬೇಕಾದ ಒಂದು ಕಾಯನ್ನೂ ಅಲ್ಲಾಡಿಸಿ ನೀರಿನ ಸದ್ದು ಕೇಳದೆ ಕೊಳ್ಳದ ಸೀಮೆ ನಮ್ಮದು. ಫೋನಿನಲ್ಲಿದ್ದವಳು ಮನೆಯ ವಿಮೆ ಮಾಡಿಸಿದ ಕಂಪನಿಯ ಹುಡುಗಿ. ಪಾಲಿಸಿ ಮುಂದುವರಿಸುವ ಹೊತ್ತು ಬಂದಿತ್ತು.

"ಸಾರ್, ಕಟ್ಟಡಕ್ಕೆ ಹೋದ ವರ್ಷದ್ದೇ ಇಟ್ಟಿದೀನಿ. ಮನೆ ಒಳಗಿನ ಸಾಮಾನಿಗೆ ಎಷ್ಟು ಹಾಕ್ಲಿ?"

"ಒಳಗೇನಿದೆಯಮ್ಮ, ನಾಲ್ಕು ಪುಸ್ತಕ" ಎಂದೆ.

ಅಂದವನೇ ಕಾಯಿ ಅಲ್ಲಾಡಿಸುವುದನ್ನು ನಿಲ್ಲಿಸಿದೆ. ಇದೇ ಮಾತನ್ನು, ಇದೇ ಉಡಾಫೆಯಲ್ಲಿ, ಬಹಳ ಹಿಂದೆ ನನ್ನ ಮಾವ ಆಡಿದ್ದರು. ಸೋಮವಾರ ಹೇಳುತ್ತೇನೆಂದು ಫೋನಿಟ್ಟೆ. ಅಂಗಡಿಯವನು ನನ್ನ ಎರಡೂ ಕೈ ನೋಡಿ, "ಎರಡ್ರಲ್ಲೂ ನೀರೈತಾ ಸಾರ್?" ಎಂದ.

ನಾನು ಅರ್ಥಶಾಸ್ತ್ರದ ಮೇಷ್ಟ್ರು. ಆದ್ದರಿಂದ ನಮ್ಮ ಬೀದಿಯವರು ಹಣದ ಪ್ರಶ್ನೆಗಳನ್ನೆಲ್ಲ ನನ್ನ ಬಾಗಿಲಿಗೆ ತರುತ್ತಾರೆ. ಕ್ರೆಡಿಟ್ ಕಾರ್ಡಿಗೆ ಕನಿಷ್ಠ ಮೊತ್ತ ಕಟ್ಟಿದರೆ ಸಾಕಲ್ಲವೇ? ಸಾಲದು, ಉಳಿದದ್ದಕ್ಕೆ ಬಡ್ಡಿ ಬೆಳೆಯುತ್ತದೆ. ತೋಟದ ಆದಾಯಕ್ಕೆ ತೆರಿಗೆ ಇಲ್ಲವೆಂದ ಮೇಲೆ ತೋರಿಸುವುದೇಕೆ? ಸಂಬಳವೂ ಇದ್ದರೆ ತೋರಿಸಬೇಕಾಗುತ್ತದೆ ಮಾರಾಯ. ಹೀಗೆ ಜಗಲಿಯ ಮೇಲೆ ಕೂತು ಉತ್ತರ ಹೇಳುತ್ತಿದ್ದರೆ ಒಳಗಿನಿಂದ ನನ್ನ ಹೆಂಡತಿ, "ನಿಮ್ಮ ಕಾರ್ಡಿನ ಕಡೇ ದಿನ ನಿನ್ನೆಗೇ ಆಯ್ತಂತೆ, ಮೆಸೇಜ್ ಬಂದಿದೆ" ಎಂದು ಕೂಗಿ ಹೇಳುತ್ತಾಳೆ. ಬಂದವರು ಮರ್ಯಾದೆಗಾಗಿ ತೆಂಗಿನ ಗರಿಯ ಕಡೆ ನೋಡುತ್ತಾರೆ.

ಮಾವನ ಕತೆಗೆ ಬರುವ ಮೊದಲು ನಿಮ್ಮನ್ನು ಅವರ ಅಟ್ಟಕ್ಕೆ ಹತ್ತಿಸಬೇಕು. ದಬ್ಬೇಘಟ್ಟದ ಕಡೆ ನನ್ನ ಸೋದರತ್ತೆ ಗೌರಮ್ಮನ ಮನೆ. ಅತ್ತೆಯ ಗಂಡನೇ ಈ ಮಾವ. ಕೊಬ್ಬರಿ ಮಾಡುವವರ ಮನೆಗಳಲ್ಲಿ ಬಲಿತ ಕಾಯನ್ನು ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಹಾಕಿ, ಬಿಟ್ಟುಬಿಡುತ್ತಾರೆ. ಸುಮಾರು ಒಂದು ವರ್ಷ. ಮೊದಲ ತಿಂಗಳುಗಳಲ್ಲಿ ಅಲ್ಲಾಡಿಸಿದರೆ ನೀರು ಕುಲುಕುತ್ತದೆ. ಆಮೇಲೆ ಒಂದು ಕಾಲ ಬರುತ್ತದೆ, ನೀರು ಇಂಗಿರುತ್ತದೆ, ತಿರುಳು ಇನ್ನೂ ಚಿಪ್ಪನ್ನು ಬಿಟ್ಟಿರುವುದಿಲ್ಲ. ಆಗ ಎಷ್ಟು ಅಲ್ಲಾಡಿಸಿದರೂ ಸದ್ದೇ ಇಲ್ಲ. ಒಳಗೆ ಕೊಬ್ಬರಿ ಆಗುತ್ತಿದೆಯೋ ಕೊಳೆಯುತ್ತಿದೆಯೋ ಹೇಳಬಲ್ಲವರಿಲ್ಲ. ಒಡೆದು ನೋಡಿದರೆ ಅದು ಕೆಟ್ಟ ಹಾಗೆಯೇ. ಕೊನೆಗೊಂದು ದಿನ ಒಳಗಿನ ಉಂಡೆ ಚಿಪ್ಪಿಗೆ ತಾಗಿ ಕಟಕಟ ಎನ್ನುತ್ತದೆ. ಗಿಟುಕು ಆಯಿತು ಎನ್ನುತ್ತಾರೆ. ಇಡೀ ಸಂಸಾರ ಈ ಮೌನದ ಕೆಳಗೆ ಉಂಡು ಮಲಗಿ ಏಳುತ್ತದೆ. ಎಷ್ಟೋ ಪುಸ್ತಕ ಓದಿದ್ದೇನೆ, ಇದಕ್ಕಿಂತ ದೊಡ್ಡ ನಂಬಿಕೆಯನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿ. ಅಟ್ಟದಲ್ಲಿ ಎಷ್ಟು ಕಾಯಿದೆ ಎಂದು ಬಾಯಿಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತದೆ. ಕೇಳಿದರೆ "ಏನೋ ನಾಕು ಬಿದ್ದವೆ" ಅನ್ನಬೇಕು.

ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ಕಾಲ. ಊರಿನ ವಿಮೆ ಏಜೆಂಟ್ ಪರಮೇಶಿ ಮಾವನ ಹಿಂದೆ ಬಿದ್ದು ಮನೆಗೊಂದು ಪಾಲಿಸಿ ಮಾಡಿಸಿದ. ಗೋಡೆ ಬರೆದ, ಹೆಂಚು ಬರೆದ, ಆಮೇಲೆ "ಒಳಗೇನೈತೆ ಗೌಡ್ರೇ?" ಎಂದು ಕೇಳಿದ. ಮಾವ, "ಏನೈತಪ್ಪ, ನಾಕು ಪಾತ್ರೆ" ಎಂದರು. ಪರಮೇಶಿಯ ನೆತ್ತಿಯ ಮೇಲೇ ಅಟ್ಟ ತುಂಬಿತ್ತು. ಅವನು ತಲೆಯೆತ್ತಿ ನೋಡಲಿಲ್ಲ. ಅವನ ಮನೆಯಲ್ಲೂ ಅಟ್ಟವಿತ್ತು, ಅವನೂ ಯಾರ ಮುಂದೆಯೂ ಅದರ ಮಾತು ಎತ್ತುವವನಲ್ಲ. ಹೀಗೆ ಇಬ್ಬರು ಮರ್ಯಾದಸ್ಥರು ಸೇರಿ, ಮನೆಯೊಳಗಿನ ಅತಿ ದೊಡ್ಡ ಆಸ್ತಿಯನ್ನು ಪಾಲಿಸಿಯಿಂದ ಹೊರಗಿಟ್ಟರು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ, ಎಲ್ಲರೂ ತೋಟದಲ್ಲಿದ್ದಾಗ, ಒಲೆಯ ಕಿಡಿ ಅಟ್ಟಕ್ಕೆ ಹಾರಿತು. ಒಣ ಮಟ್ಟೆ, ಅದರೊಳಗೆ ಎಣ್ಣೆ ತುಂಬಿದ ಕೊಬ್ಬರಿ, ಹೇಳಬೇಕೇ? ಗೋಡೆ ಉಳಿಯಿತು, ಉಳಿದದ್ದು ಹೋಯಿತು. ಕಂಪನಿ ಬರೆದದ್ದಕ್ಕೆ ನ್ಯಾಯವಾಗಿ ಕೊಟ್ಟಿತು. ಬರೆಯದ ಅಟ್ಟಕ್ಕೆ ಏನೂ ಇಲ್ಲ.

ಮಾವನ ಎದೆಯ ಕವಾಟ ಕೆಟ್ಟಿತ್ತು. ಆ ಸಲದ ಕೊಬ್ಬರಿ ಮಾರಿ ಆಪರೇಷನ್ ಎಂದು ನಿಶ್ಚಯವಾಗಿತ್ತು, ಡಾಕ್ಟರು ಅಲ್ಲಿಂದಾಚೆಗೆ ತಡ ಮಾಡಬೇಡಿ ಎಂದಿದ್ದರು. ಸುಟ್ಟ ಕಾಯಿ ಹತ್ತು ತಿಂಗಳದ್ದು. ಮರದಲ್ಲಿ ಬೇಕಾದಷ್ಟು ಕಾಯಿತ್ತು ನಿಜ, ಆದರೆ ಹಸಿ ಕಾಯಿಯ ದುಡ್ಡು ಆಸ್ಪತ್ರೆಯ ಬಾಗಿಲಿಗೂ ಸಾಲದು. ಅದನ್ನು ಅಟ್ಟಕ್ಕೆ ಹಾಕಿ ಮತ್ತೊಂದು ವರ್ಷ ಕಾಯೋಣವೆಂದರೆ ಆ ಎದೆ ಕಾಯುವುದಿಲ್ಲ.

ಈಗ ನನ್ನ ನೆನಪು ಹೇಳುವುದನ್ನು ಕೇಳಿ. ಹೊಸ ಅಟ್ಟಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸುತ್ತಿದ್ದ ಹಾಗೇ ಜನ ಬರತೊಡಗಿದರು. ಎತ್ತಿನ ಗಾಡಿಯಲ್ಲಿ, ಸೈಕಲ್ಲಿನಲ್ಲಿ, ತಲೆಯ ಮೇಲೆ, ಮೂಟೆ ಮೂಟೆ ಕಾಯಿ. ಅವರು ತಂದದ್ದು ಹಸಿ ಕಾಯಲ್ಲ. ಪ್ರತಿಯೊಂದು ಮನೆಯವರೂ ತಮ್ಮ ಅಟ್ಟದ ಹಿಂಭಾಗಕ್ಕೆ ತೆವಳಿಕೊಂಡು ಹೋಗಿ, ಹತ್ತು ತಿಂಗಳಾದ ಕಾಯನ್ನೇ ಹುಡುಕಿ ತಂದಿದ್ದರು. ಕಾಯನ್ನು ಯಾರೂ ಕೊಡಬಹುದು. ಇವರು ಹತ್ತು ತಿಂಗಳನ್ನು ಕೊಟ್ಟರು. ನಾನೂ ಮೂಟೆ ಹೊತ್ತೆ. ಮಟ್ಟೆಯ ನಾರು ಕತ್ತಿನ ಹಿಂದೆ ಕೆರೆದ ಜಾಗದಲ್ಲಿ ಈಗಲೂ ನವೆಯಾಗುತ್ತದೆ.

ಆದರೆ ಪರೀಕ್ಷಿಸದ ನೆನಪನ್ನು ನಂಬಬೇಡಿ ಎಂದು ಹುಡುಗರಿಗೆ ಪಾಠ ಹೇಳುವವನು ನಾನು. ಹಾಗೆಲ್ಲ ಜನ ಮಾಡುತ್ತಾರೆಯೇ? ಹುಳುಕನ್ನು ಸಾಗಹಾಕಿರಲಿಕ್ಕಿಲ್ಲವೇ? ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತಿ ಅತ್ತೆಯ ಮನೆಗೆ ಹೋದೆ.

ಅತ್ತೆ ನನ್ನ ಮಾತು ಪೂರ್ತಿ ಕೇಳಿ, ಕಾಫಿ ಲೋಟ ಕೈಗಿಟ್ಟು, "ನೀನೆಲ್ಲಿದ್ಯೋ ಆವತ್ತು?" ಎಂದಳು.

"ಇಲ್ಲೇ. ಮೂಟೆ ಹೊತ್ತೆನಲ್ಲ."

"ಹೊತ್ತ! ಮೈಸೂರಲ್ಲಿ ಪರೀಕ್ಷೆ ಬರೀತಿದ್ದೆ ಕಣ್ಲಾ. ಓದೋದು ಕೆಡ್ತದೆ, ಹೇಳ್ಬ್ಯಾಡಿ ಅಂದಿದ್ರು ನಿಮ್ಮಾವ. ಮೂಟೆ ಹೊತ್ತೋನು ನಿಮ್ಮಪ್ಪ. ಕತ್ತೆಲ್ಲ ಕೆಂಪಗಾಗಿತ್ತು ಪಾಪ. ಹಬ್ಬ ಹಬ್ಬಕ್ಕೂ ಹೇಳ್ತಿದ್ದ."

ನಾನು ಕತ್ತು ಮುಟ್ಟಿಕೊಂಡೆ. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಅವನ ನವೆ ನನ್ನ ಚರ್ಮಕ್ಕೆ ಯಾವಾಗ ಬಂತು?

"ಹಂಗಾದ್ರೆ ಕಾಯಿ ತಂದದ್ದು? ಅದೂ ಸುಳ್ಳಾ?"

"ಅದ್ಯಾಕೆ ಸುಳ್ಳಾಗ್ತದೆ? ಮೊದ್ಲು ಬಂದೋನೇ ಪರಮೇಶಿ. ಮೂಟೆ ಇಳಿಸಿ, 'ಗೌರಕ್ಕ, ಇದು ಕಂಪನಿ ಕಡೆಯಿಂದಲ್ಲ, ನಮ್ಮ ಅಟ್ಟದ ಕಡೆಯಿಂದ' ಅಂದ. ಆಮೇಲೆ ಅವರಿವರು. ಕೆರೆ ಹಿಂದಲ ರಂಗಣ್ಣ ಕಾಯಿ ಸುರಿದೋನೇ ಗೋಣಿಚೀಲ ಕೊಡವಿ ವಾಪಸ್ ತಗಂಡೋದ, ಜುಗ್ಗ."

"ಹುಳುಕು ಇರ್ಲಿಲ್ವಾ?"

"ಇದ್ವು ಬುಡು. ಕೆಡದೇ ಇರೋ ಕಾಯಿ ಯಾರ ಅಟ್ಟದಾಗೈತೆ? ಒಡೆದು ನೋಡಿ ಕೊಡಕಾಯ್ತದಾ?"

ನನ್ನ ಸಂಶಯಕ್ಕೆ ಸಿಕ್ಕಿದ್ದು ಇಷ್ಟೇ. ನಾನಿದ್ದೆ ಎಂಬುದು ಸುಳ್ಳು. ನಂಬಲಾಗದ್ದೆಂದು ನಾನು ಪರೀಕ್ಷೆಗೆ ತಂದ ಸಂಗತಿ, ಊರವರು ಕಾಯಿ ತಂದದ್ದು, ಮಾತ್ರ ನಿಜ.

"ಅದನ್ನೆಲ್ಲ ವಾಪಸ್ ಕೊಟ್ರಾ, ಅತ್ತೆ?"

"ಕೊಟ್ಟೋರಿಗೇ ವಾಪಸ್ ಕೊಡೋಕೆ ಅದೇನು ಸಾಲನಾ? ಮುಯ್ಯಿ ಕಣಪ್ಪ. ಮುಂದೆ ಯಾರ ಅಟ್ಟ ಹೋಯ್ತದೋ ಅವರಿಗೆ. ಆ ಮೂಲೇಲಿರೋವು ನಮ್ಮವಲ್ಲ." ಅತ್ತೆ ಗದ್ದದಿಂದ ಅಟ್ಟದ ಒಂದು ಮೂಲೆ ತೋರಿಸಿದಳು. ಆಮೇಲೆ ನನ್ನ ಮುಖ ನೋಡಿ ನಕ್ಕು, "ಪಾಲಿಸೀನೂ ಐತೆ, ಕಣ್ಣಿಗೆ ನೀರು ತಕ್ಕಬ್ಯಾಡ. ಪರಮೇಶಿ ಈಗ ಮೊದ್ಲು ಏಣಿ ಹತ್ತಿ ಅಟ್ಟ ನೋಡ್ತಾನೆ, ಆಮೇಲೆ ಕಾಫಿ" ಎಂದಳು. ಊರಿಗೆ ಊರೇ ಉರಿದರೆ ಮುಯ್ಯಿ ಮಾಡುವವರಾರು ಎಂಬ ಪ್ರಶ್ನೆಯನ್ನು ನಾನು ಬಾಯಲ್ಲಿ ಸಿದ್ಧಮಾಡಿಕೊಂಡಿದ್ದೆ. ಅದನ್ನು ಕಾಫಿಯ ಜೊತೆ ನುಂಗಿದೆ.

ಮಾವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಅತ್ತೆ ಕೊಟ್ಟಿಗೆಗೆ ಹೋದ ಮೇಲೆ ಮನೆ ಸದ್ದಿಲ್ಲದಾಯಿತು. ಆಗ ಕೇಳಿಸಿತು, ಎಲ್ಲೋ ಗಡಿಯಾರವಿದ್ದಂತೆ, ಸಣ್ಣಗೆ, ಬಿಡದೆ, ಟಿಕ್, ಟಿಕ್. ಗೋಡೆ ನೋಡಿದೆ, ಗಡಿಯಾರವಿಲ್ಲ. ಸದ್ದು ಮಾವನ ಅಂಗಿಯೊಳಗಿನಿಂದ ಬರುತ್ತಿತ್ತು. ಲೋಹದ ಕವಾಟ ಹಾಕಿಸಿಕೊಂಡವರ ಎದೆ ಹಾಗೆ ಸದ್ದು ಮಾಡುತ್ತದೆಂದು ಕೇಳಿದ್ದೆ. ಇಷ್ಟು ವರ್ಷ ಈ ಮನೆಗೆ ಬಂದು ಹೋದವನು ಒಂದು ಗಳಿಗೆಯೂ ಬಾಯಿ ಮುಚ್ಚಿ ಕೂತಿರಲಿಲ್ಲವೆಂದು ತೋರುತ್ತದೆ.

"ಕೇಳ್ತೈತೇನ್ಲಾ?" ಎಂದರು ಮಾವ.

ತಲೆಯಾಡಿಸಿದೆ.

"ಊರೋರ ಗಿಟುಕು ಅದು. ನಂದು ಬರೀ ಚಿಪ್ಪು."

ಹೊರಡುವಾಗ ಅತ್ತೆ ಮಟ್ಟೆ ಸಮೇತ ಒಂದಷ್ಟು ಕಾಯಿ ಚೀಲಕ್ಕೆ ತುಂಬಿದಳು. ಬಸ್ಸಿನಲ್ಲಿ ಒಂದನ್ನು ತೆಗೆದು ಕಿವಿಯ ಬಳಿ ಅಲ್ಲಾಡಿಸಿದೆ. ನೀರಿಲ್ಲ, ಗಿಟುಕಿಲ್ಲ. ಅದು ಆ ನಡುವಿನ ಕಾಲದ ಕಾಯಿ.

ಸೋಮವಾರ ವಿಮೆಯ ಹುಡುಗಿ ಮರೆಯದೆ ಫೋನ್ ಮಾಡಿದಳು. "ಒಳಗಿನ ಸಾಮಾನು, ಸಾರ್?"

"ಒಂದು ನಿಮಿಷ ಇರಮ್ಮ" ಎಂದು ಎದ್ದು, ನನ್ನ ಮನೆಯನ್ನು ಮೊದಲ ಸಲ ಕೋಣೆ ಕೋಣೆ ಸುತ್ತಿ ನೋಡಿ, ಒಂದೊಂದೇ ಹೇಳಿದೆ. ಅವಳು ತಾಳ್ಮೆಯಿಂದ ಬರೆದುಕೊಂಡಳು. ಅಡುಗೆಮನೆಗೆ ಬಂದಾಗ ಗೋಡೆಯ ಸಜ್ಜಾ ಮೇಲೆ ನಿನ್ನೆ ಜೋಡಿಸಿಟ್ಟ ಅತ್ತೆಯ ಕಾಯಿ ಕಂಡವು. "ಅಷ್ಟೇನಾ ಸಾರ್?" ಎಂದಳು.

"ಅಷ್ಟೇ" ಎಂದೆ. ಅವನ್ನು ಬರೆಸಲಿಲ್ಲ. ಅವೂ ಮುಯ್ಯಿಯ ಕಾಯಿ, ಯಾರವೆಂದು ನನಗಿನ್ನೂ ಗೊತ್ತಿಲ್ಲವಲ್ಲ.