ಪೂಜೆಯ ಲೋಟದ ನೀರು

ಆಪರೇಷನ್ ಆದ ಹನ್ನೊಂದನೆಯ ದಿನ ರೌಂಡ್ಸಿಗೆ ಬಂದ ಡಾಕ್ಟರು, "ಇವತ್ತಿಂದ ಬಾಯಲ್ಲಿ ನೀರು ಶುರು ಮಾಡಿ, ಒಂದೊಂದೇ ಚಮಚ" ಎಂದರು. ಅಪ್ಪ ಬೇಡವೆಂದು ತಲೆಯಾಡಿಸಿದ. ಡಾಕ್ಟರಿಗೆ ಇಂಥವರು ಹೊಸಬರಲ್ಲ. "ಹೆದರ್ಕೋಬೇಡಿ ಸದಾಶಿವಯ್ಯ. ಬಾಯಲ್ಲಿ ನುಂಗೋವರೆಗೂ ಮೂಗಿನ ಟ್ಯೂಬ್ ತೆಗೆಯಕ್ಕಾಗಲ್ಲ. ಮುಂದಿನ ತಿಂಗಳು ರೇಡಿಯೇಷನ್ ಶುರುವಾದ್ರೆ ಬಾಯಿ ಇನ್ನೂ ಬಿಗಿಯಾಗುತ್ತೆ. ನುಂಗೋದು ಈಗಲೇ ಕಲೀಬೇಕು, ಆಮೇಲೆ ಕಷ್ಟ" ಎಂದು ಹೇಳಿ ಪಕ್ಕದ ಮಂಚಕ್ಕೆ ಹೋದರು. ಅಪ್ಪ ಗೋಡೆ ನೋಡುತ್ತ ಮಲಗಿದ.

ನನ್ನ ಅಪ್ಪ ಗುಬ್ಬಿಯ ಮಂಡಿಯಲ್ಲಿ ಮೂವತ್ತೊಂದು ವರ್ಷ ಅಡಿಕೆ ತೂಗಿದವನು. ತೂಗುವುದಕ್ಕಿಂತ ಕೂಗುವುದೇ ಅಲ್ಲಿ ದೊಡ್ಡ ಕೆಲಸ. ಮೂಟೆ ತಕ್ಕಡಿ ಹತ್ತಿದ ಕೂಡಲೇ ಒಳಗೆ ಕೂತ ಗುಮಾಸ್ತರಿಗೆ ಕೇಳುವಂತೆ ತೂಕ ಕೂಗಬೇಕು. ಅಪ್ಪ ಕೂಗಿದರೆ ಗೇಟಿನಾಚೆ ಟೀ ಅಂಗಡಿಯವರೆಗೂ ಕೇಳುತ್ತಿತ್ತು. ಆ ಬಾಯಿಯ ಎಡಗಡೆ ಯಾವಾಗಲೂ ಒಂದು ಹೋಳು ಅಡಿಕೆ, ಜೊತೆಗೆ ಚಿಟಿಕೆ ಹೊಗೆಸೊಪ್ಪು. ಮಲಗುವಾಗಲೂ ಅದನ್ನು ದವಡೆಗೆ ಒತ್ತರಿಸಿಕೊಂಡೇ ಮಲಗುತ್ತಿದ್ದ. ಹೇಳಿ ಹೇಳಿ ನಾನೂ ಅಮ್ಮನೂ ಸಾಕಾಗಿ ಸುಮ್ಮನಾದೆವು. ಹಾಳಾದ ಮನುಷ್ಯ, ಕೇಳಲಿಲ್ಲ. ನನಗೆ ಈಗಲೂ ಅದರ ಮೇಲೆ ಸಿಟ್ಟಿದೆ.

ಒಂದು ವಿಷಯದಲ್ಲಿ ಮಾತ್ರ ಅಪ್ಪನನ್ನು ಯಾರೂ ಅಲ್ಲಾಡಿಸುವ ಹಾಗಿರಲಿಲ್ಲ. ಎಂಟನೆಯ ವರ್ಷದಲ್ಲಿ ದೀಕ್ಷೆಯಾದಾಗ ಕೊರಳಿಗೆ ಬಂದ ಲಿಂಗ, ಬೆಳ್ಳಿಯ ಕರಡಿಗೆಯೊಳಗೆ ಎಡಗಡೆ ಎದೆಯ ಮೇಲೆ ಯಾವತ್ತೂ ಇರುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ಹನಿ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಅದಕ್ಕೆಂದೇ ಒಂದು ಹಿತ್ತಾಳೆ ಲೋಟ. ಅದರ ನೀರು ಮೊದಲು ಲಿಂಗಕ್ಕೆ, ಆಮೇಲೆ ತನಗೆ, ತಳದಲ್ಲಿ ಉಳಿದ ಒಂದು ಗುಟುಕು ಅಮ್ಮನಿಗೆ ತೀರ್ಥ. ಅಷ್ಟಾದ ಮೇಲೆ ಕಾಫಿ, ಕಾಫಿಯಾದ ಮೇಲೆ ಹೊಗೆಸೊಪ್ಪು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಆ ಲೋಟದಲ್ಲಿ ನೀರು ಕುಡಿದು ಬೆನ್ನಿಗೆ ಏಟು ತಿಂದಿದ್ದೇನೆ.

ಆಪರೇಷನ್ನಿನ ದಿನ ಸಿಸ್ಟರ್, ಮೈಮೇಲೆ ಏನೂ ಇರಬಾರದು, ಬಿಚ್ಚಿ ಎಂದರು. ಅಮ್ಮ ವಾದ ಮಾಡಲು ಹೋದಳು. ಅಪ್ಪ ತಾನೇ ಶಿವದಾರ ಬಿಚ್ಚಿ ಲಿಂಗವನ್ನು ಅಮ್ಮನ ಕೈಗಿಟ್ಟ. ಐವತ್ತು ವರ್ಷದಲ್ಲಿ ಅದು ಅವನ ಮೈ ಬಿಟ್ಟದ್ದು ಅದೇ ಮೊದಲು.

ಎಂಟು ಗಂಟೆ ಹಿಡಿಯಿತು. ಎಡದವಡೆಯ ಮೂಳೆ, ಒಳಗೆನ್ನೆ, ಕತ್ತಿನ ಗಂಟುಗಳು ಎಲ್ಲಾ ಹೋದವು. ಖಾಲಿಯಾದ ಜಾಗಕ್ಕೆ ಎಡಗಡೆ ಎದೆಯಿಂದ ಚರ್ಮದ ಸಮೇತ ಮಾಂಸವನ್ನು ಎತ್ತಿ, ಕತ್ತಿನೊಳಗಿಂದ ತಂದು ಬಾಯಲ್ಲಿ ಕೂರಿಸಿ ಹೊಲಿದಿದ್ದರು. ಆ ಚರ್ಮಕ್ಕೆ ಜೀವವಿರುತ್ತದೆ, ಸ್ಪರ್ಶ ಇರುವುದಿಲ್ಲ. ಅದು ಬದುಕಿದೆಯಾ ಎಂದು ನೋಡಲು ಡಾಕ್ಟರು ಸೂಜಿಯಲ್ಲಿ ಚುಚ್ಚುತ್ತಿದ್ದರು. ಕೆಂಪು ರಕ್ತ ಬಂದರೆ ಅವರಿಗೆ ಸಮಾಧಾನ. ಅಪ್ಪ ಕಣ್ಣು ಕೂಡ ಮಿಟುಕಿಸುತ್ತಿರಲಿಲ್ಲ. ಕೆಳತುಟಿ, ಗದ್ದವೂ ಜೋಮು ಹಿಡಿದಿದ್ದವು. ಜೊಲ್ಲು ಸುರಿದದ್ದು ಅವನಿಗೆ ತಿಳಿಯದು, ನಾವು ಒರೆಸಿದ್ದೂ ತಿಳಿಯದು.

ನನಗೂ ಹಾಗೇ ಆಗಿತ್ತು. ಅಂತರಸನಹಳ್ಳಿಯ ಫ್ಯಾಕ್ಟರಿಗೆ ರಜೆ ಹಾಕಿ, ಮರಳೂರಿನ ಮನೆಯಿಂದ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿ ಬರುತ್ತಿದ್ದೆ. ಸಿರಿಂಜಿನಲ್ಲಿ ರಾಗಿ ಗಂಜಿ ತುಂಬಿ ಮೂಗಿನ ಟ್ಯೂಬಿಗೆ ಬಿಡುತ್ತಿದ್ದೆ, ಬಟ್ಟೆ ಬದಲಾಯಿಸುತ್ತಿದ್ದೆ, ಮಾತ್ರೆ ಪುಡಿ ಮಾಡುತ್ತಿದ್ದೆ. ಅಪ್ಪನ ಮುಖ ಅರ್ಧ ಒಳಗೆ ಹೋಗಿದ್ದನ್ನು ಮೊದಲ ದಿನ ನೋಡಿದಾಗ ಅಳು ಬರಬೇಕಿತ್ತು. ಬರಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿಂದೆ, ಅದರಲ್ಲಿ ಉಪ್ಪು ಕಮ್ಮಿ ಎಂದು ಮಾತ್ರ ಅನ್ನಿಸಿತು. ಬೆಳ್ಳಾವಿಯಿಂದ ನೆಂಟರು ಬಂದರು. ಬಾಯಿ ತೆರೆಯಲಾಗದವನ ಮುಂದೆ ಸೇಬು, ಬ್ರೆಡ್ಡು, ಬಿಸ್ಕತ್ತಿನ ಪೊಟ್ಟಣ ಇಟ್ಟು, ಎಲ್ಲಾ ಸರಿಹೋಗ್ತದೆ ಬುಡಿ ಎಂದು ಹೇಳಿ ಹೋದರು. ಬಿಸ್ಕತ್ತನ್ನೆಲ್ಲ ನಾನೇ ತಿಂದೆ.

ಡಾಕ್ಟರು ಹೋದ ಮೇಲೆ ನಾನು ರೇಗಿದೆ. "ಒಂದು ಚಮಚ ನೀರು ಕುಡಿಯಕ್ಕೆ ಏನಪ್ಪಾ ನಿಂಗೆ? ಟ್ಯೂಬಲ್ಲಿ ಗಂಜಿ ಬಿಟ್ರೆ ಸುಮ್ನಿರ್ತೀಯ."

ಉಸಿರಾಟಕ್ಕೆಂದು ಗಂಟಲಿಗೆ ಹಾಕಿದ್ದ ಟ್ಯೂಬ್ ತೆಗೆದು ನಾಲ್ಕು ದಿನವಾಗಿದ್ದರೂ ಅಪ್ಪ ಬಾಯಿಬಿಟ್ಟು ಒಂದು ಮಾತೂ ಆಡಿರಲಿಲ್ಲ. ಏನಿದ್ದರೂ ನೋಟ್‌ಬುಕ್ಕಿನಲ್ಲಿ ಬರೆಯುವುದು. ಈಗಲೂ ಬರೆದ. "ಅದು ಮೂಗು. ಬಾಯಿಗೆ ನೀರು ಹಾಕಲು ಪೂಜೆ ಆಗಿಲ್ಲ."

ಅಮ್ಮನ ಮುಖ ಅರಳಿತು. ಅವಳು ಅಷ್ಟು ದಿನವೂ ಅಪ್ಪನ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಯೊಳಗೆ ಇಟ್ಟುಕೊಂಡಿದ್ದಳು. ದಿನಾ ಬೆಳಿಗ್ಗೆ ಕಾರಿಡಾರಿನ ಕೊನೆಯ ಕಿಟಕಿ ಹತ್ತಿರ ಕೂತು ತನ್ನದರ ಜೊತೆ ಅದಕ್ಕೂ ವಿಭೂತಿ ಹಚ್ಚುತ್ತಿದ್ದಳು. ಗುಬ್ಬಿಯಿಂದ ಹಿತ್ತಾಳೆ ಲೋಟವನ್ನೂ ತಂದು ಮಂಚದ ಪಕ್ಕದ ಕಪಾಟಿನ ಮೇಲಿಟ್ಟಿದ್ದಳು. "ಅಷ್ಟೇ ತಾನೆ? ಈಗ್ಲೇ ಮಾಡ್ಕಳಿ" ಎಂದು ಬಟ್ಟೆ ಬಿಚ್ಚಿದಳು. ಅಪ್ಪ ತನ್ನ ಕೈ ಎತ್ತಿ ತೋರಿಸಿದ. ಬೆರಳೆಲ್ಲ ಜೊಲ್ಲು. ನಾನು ಸೋಪು ಹಚ್ಚಿ ತೊಳೆದು ಒರೆಸಿದೆ. ಟವೆಲ್ಲು ಮಡಚುವಷ್ಟರಲ್ಲಿ ಗದ್ದದಿಂದ ಇನ್ನೊಂದು ಎಳೆ ಇಳಿದು ಅದೇ ಕೈ ಮೇಲೆ ಬಿತ್ತು. ಅಪ್ಪ ಬರೆದ. "ಎಂಜಲು ಕೈ. ಬೇಡ."

ಅಲ್ಲಿಗೆ ನಾವು ಸಿಕ್ಕಿಕೊಂಡೆವು. ಜೊಲ್ಲು ನಿಲ್ಲದೆ ಅವನು ಲಿಂಗ ಮುಟ್ಟುವುದಿಲ್ಲ. ಲಿಂಗ ಮುಟ್ಟದೆ ನೀರು ಕುಡಿಯುವುದಿಲ್ಲ. ನುಂಗುವುದು ಕಲಿಯದೆ ಜೊಲ್ಲು ನಿಲ್ಲುವುದಿಲ್ಲ. ಡಾಕ್ಟರಿಗೆ ಇದನ್ನು ಹೇಗೆ ಹೇಳುವುದು? ನಾನು ವಾರ್ಡಿನ ಸಿಸ್ಟರ್ ಪ್ರೇಮಲತಾ ಅವರಿಗೆ ಹೇಳಿದೆ. ಅವರು ನಗಲಿಲ್ಲ. "ಮಂಗಳವಾರ ಚಿಕ್ಕಮಾರಮ್ಮ ಚೆಕಪ್‌ಗೆ ಬರ್ತಾರೆ. ಕಳಿಸ್ತೀನಿ" ಎಂದರು.

ಹದಿಮೂರನೆಯ ದಿನ, ಮಂಗಳವಾರ, ಹನ್ನೊಂದು ಗಂಟೆಗೆ ಚಿಕ್ಕಮಾರಮ್ಮ ಬಂದರು. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ಹೆಂಗಸು, ಅರವತ್ತರ ಹತ್ತಿರ. ಬಲದವಡೆ ಇಲ್ಲ, ಗದ್ದ ಒಂದು ಕಡೆಗೆ ವಾಲಿದೆ. ಹೆಗಲ ಮೇಲೊಂದು ಟವೆಲ್ಲು. ಎರಡು ವರ್ಷದ ಹಿಂದೆ ಅಪ್ಪನಿಗಾದ ಆಪರೇಷನ್ನೇ ಅವರಿಗೂ ಆಗಿತ್ತು. ಚೆಕಪ್‌ಗೆ ಬಂದಾಗಲೆಲ್ಲ ಹೊಸದಾಗಿ ಆಪರೇಷನ್ ಆದವರ ಹತ್ತಿರ ಕೂತು ಹೋಗುತ್ತಾರಂತೆ. ಅವರ ಮಾತು ಮೊದಲು ಅರ್ಧ ತಿಳಿಯಲಿಲ್ಲ, ಸ್ವಲ್ಪ ಹೊತ್ತಿಗೆ ಕಿವಿ ಹೊಂದಿಕೊಂಡಿತು. ಇಲ್ಲಿ ನೆಟ್ಟಗೆ ಬರೆದಿದ್ದೇನೆ.

ಅಮ್ಮ ಕೇಳಿದ ಮೊದಲ ಪ್ರಶ್ನೆ, "ನೀವು ಯಾವ ಪೈಕಿ?"

"ಹೆಸ್ರಲ್ಲೇ ಗೊತ್ತಾಗ್ಲಿಲ್ವೇನವ್ವ? ಮಾರಮ್ಮನ ಪೈಕಿ" ಎಂದು ಅವರು ಸ್ಟೂಲು ಎಳೆದುಕೊಂಡರು. ನನಗೆ ನಾಚಿಕೆಯಾಯಿತು. ಅಮ್ಮ ಸೆರಗು ಒತ್ತಿಕೊಂಡು ಸ್ವಲ್ಪ ಹಿಂದೆ ಸರಿದು ಕೂತಳು.

"ಅಯ್ನೋರೆ, ತುಟೀಗೆ ಗೊತ್ತಾಗಲ್ಲ ಈಗ. ಅದುಕ್ಕೆ ಕಣ್ಣಲ್ಲಿ ನೋಡ್ಕಬೇಕು" ಎಂದು ಬ್ಯಾಗಿನಿಂದ ಒಂದು ರೌಂಡು ಕನ್ನಡಿ ತೆಗೆದು ಅಪ್ಪನ ಮಡಿಲಿಗೆ ಹಾಕಿದರು. "ಇದು ನಿಮ್ಗೇಯ, ಇಟ್ಕಳಿ. ಮೂರು ತಿಂಗ್ಳು ನಾನು ಇದುನ್ನ ಇಡ್ಕಂಡೇ ಉಂಡಿವ್ನಿ. ಗಂಡುಸ್ರಿಗೆ ಇನ್ನೊಂದೈತೆ, ಡಾಕ್ಟ್ರು ಯೋಳಲ್ಲ. ಎದೆ ಕೂದ್ಲು ಬಾಯೊಳಗೆ ಬೆಳೀತದೆ. ನಾಲ್ಗೆಗೆ ಸಿಕ್ತು ಅಂತ ಗಾಬ್ರಿ ಆಗ್ಬ್ಯಾಡಿ. ರೇಡಿಯೇಷನ್ ಕರೆಂಟ್ ಕೊಟ್ಟ ಮ್ಯಾಲೆ ಉದ್ರೋಯ್ತದೆ."

ಅಪ್ಪ ಗೋಡೆಯಿಂದ ಮುಖ ತಿರುಗಿಸಿದ. ಅಷ್ಟು ದಿನದಲ್ಲಿ ಒಬ್ಬರ ಮುಖವನ್ನು ಅವನು ನೆಟ್ಟಗೆ ನೋಡಿದ್ದು ಅದೇ ಮೊದಲು. ಅವರ ಗದ್ದವನ್ನೇ ನೋಡುತ್ತಿದ್ದ.

"ನೀರು ಕುಡಿಯಾದ ತೋರುಸ್ತೀನಿ, ನೋಡಿ" ಎಂದ ಚಿಕ್ಕಮಾರಮ್ಮ ಪಕ್ಕಕ್ಕೆ ಕೈಚಾಚಿ ಲೋಟ ತೆಗೆದುಕೊಂಡು ಜಗ್ಗಿನಿಂದ ಬಗ್ಗಿಸಿದರು. ಹಿತ್ತಾಳೆ ಲೋಟ. ಅಮ್ಮನ ಬಾಯಿಂದ ಮಾತು ಹೊರಡುವ ಮೊದಲೇ ಅದು ಅವರ ತುಟಿಗೆ ಹೋಗಿತ್ತು. ಚೆನ್ನಾಗಿರುವ ಕಡೆಗೆ ತಲೆ ವಾಲಿಸಿ, ಗದ್ದವನ್ನು ಎದೆಗೆ ತಂದು, ಉಸಿರು ಹಿಡಿದು ನುಂಗಿದರು. ಅರ್ಧ ಹೋಯಿತು, ಅರ್ಧ ಕತ್ತಿನ ಮೇಲೆ ಇಳಿಯಿತು. ಟವೆಲ್ಲಿನಲ್ಲಿ ಒರೆಸಿಕೊಂಡರು. "ಇಷ್ಟೇಯ. ಬಿದ್ದದ್ದು ಬೀಳ್ತದೆ."

"ಅದು ಅವ್ರ ಪೂಜೆ ಲೋಟ ಕಣವ್ವ" ಎಂದಳು ಅಮ್ಮ.

ಚಿಕ್ಕಮಾರಮ್ಮ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. "ಗೊತ್ತಾಗ್ಲಿಲ್ಲ ಕಣವ್ವ. ಕಣ್ಣಿಗೆ ಬಿದ್ದುದ್ದ ತಕಂಡೆ."

ನಾನು ಪೂಜೆಯ ಕಥೆ, ಎಂಜಲು ಕೈಯ ಕಥೆ ಎಲ್ಲಾ ಹೇಳಿದೆ. ಅವರು ಕೇಳಿಸಿಕೊಂಡು, "ಮಾಂಸ ಎಲ್ಲಿಂದ ತಗುದ್ರು?" ಎಂದರು. ನಾನು ಎಡಗಡೆ ಎದೆಯ ಬ್ಯಾಂಡೇಜು ತೋರಿಸಿದೆ. "ಲಿಂಗ ಎಲ್ಲಿರ್ತಿತ್ತು?" ಅದನ್ನೇ ತೋರಿಸಿದೆ.

"ಹಂಗಾರೆ ಐವತ್ತೊರ್ಸ ದೇವ್ರು ಒರಗಿದ್ದ ಚರ್ಮಾನೇ ತಂದು ಬಾಯಿಗಾಕವ್ರೆ. ಅದುನ್ನ ಎಂಜ್ಲು ಅಂತೀರಲ್ಲ ಅಯ್ನೋರೆ, ಯಾರ್ನ ಕೇಳಿ ಅಂತೀರ?" ಬೈದ ಹಾಗೇ ಇತ್ತು. ಆಮೇಲೆ ಎದ್ದು ನಿಂತು, "ನನ್ನೆಂಜ್ಲು ಬ್ಯಾರೆ ಬುಡಿ. ಲೋಟ ತೊಳ್ಕಳಿ. ಕುಣಿಗಲ್ ಬಸ್ಸಿಗೊತ್ತಾಯ್ತು" ಎಂದು ಹೊರಟರು.

ಅಪ್ಪ ಮತ್ತೆ ಗೋಡೆಗೆ ತಿರುಗಿದ. ಅಮ್ಮ ಲೋಟವನ್ನು ಫಳಫಳ ಹೊಳೆಯುವಷ್ಟು ಉಜ್ಜಿ ತೊಳೆದಳು. ತೊಳೆದ ಮೇಲೂ ಕಪಾಟಿನ ಮೇಲಿಡಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮಂಚದ ಕೆಳಗೆ ಚಪ್ಪಲಿಗಳ ಪಕ್ಕ ತಳ್ಳಿದಳು. "ನಿಂಗೆ ಆ ಹೆಂಗಸಿನ ಮುಖ ನೋಡಿಯೂ ಹಿಂಗೆ ಮಾಡಕ್ಕೆ ಮನಸ್ಸು ಬರುತ್ತಲ್ಲಮ್ಮ" ಎಂದೆ. "ನಿಂಗೊತ್ತಾಗಲ್ಲ, ಸುಮ್ಕಿರು" ಎಂದಳು. ನಮ್ಮಿಬ್ಬರಲ್ಲೂ ಜಗಳಕ್ಕೆ ಬೇಕಾದಷ್ಟು ಕಸುವು ಇರಲಿಲ್ಲ. ಬುಧವಾರವೂ ಡಾಕ್ಟರು ನೀರು ಎಂದರು, ಅಪ್ಪ ತಲೆಯಾಡಿಸಿದ. ಆದರೆ ಮಧ್ಯಾಹ್ನ ನಾನು ಬಟ್ಟೆ ಒಗೆದು ಬರುವಾಗ ಅವನು ಕನ್ನಡಿ ಹಿಡಿದು, ಆದಷ್ಟು ಬಾಯಿ ತೆರೆದು ಒಳಗೆ ನೋಡಿಕೊಳ್ಳುತ್ತಿದ್ದ. ನನ್ನನ್ನು ಕಂಡು ಕನ್ನಡಿ ಬೋರಲು ಹಾಕಿದ.

ಗುರುವಾರ ಬೆಳಿಗ್ಗೆ ಸಿಸ್ಟರ್ ಮೈ ಒರೆಸಿ ಹೋದ ಮೇಲೆ ಅಪ್ಪ ಅಮ್ಮನ ಕಡೆ ಎಡಗೈ ಚಾಚಿದ. ಅಂಗೈ ಮೇಲಾಗಿತ್ತು. ಅಮ್ಮನಿಗೆ ತಕ್ಷಣ ತಿಳಿಯಿತು. ಎದೆಯೊಳಗಿಂದ ಬಟ್ಟೆ ತೆಗೆದು, ಬಿಚ್ಚಿ, ಲಿಂಗವನ್ನು ಆ ಕೈಯಲ್ಲಿಟ್ಟಳು. ಅಪ್ಪ ವಿಭೂತಿ ಹಚ್ಚಲು ತಲೆ ಬಗ್ಗಿಸಿದ. ಬಗ್ಗಿಸಿದ ಕೂಡಲೇ ತುಟಿಯಿಂದ ಜೊಲ್ಲಿನ ಎಳೆ ಇಳಿದು ನೇರ ಲಿಂಗದ ಮೇಲೆ ಬಿತ್ತು. ಮೂವರೂ ನೋಡಿದೆವು. ಅಮ್ಮನ ಕೈ ಬಟ್ಟೆ ಹಿಡಿದು ಅಲ್ಲೇ ನಿಂತಿತು. ಅಪ್ಪ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಒರೆಸಿ, ವಿಭೂತಿ ಹಚ್ಚಿ, ಕಣ್ಣು ಮುಚ್ಚಿದ.

ಅಮ್ಮ ಸ್ಟೀಲ್ ಲೋಟದಲ್ಲಿ ನೀರು ತಂದಳು. ಅಪ್ಪ ಬೇಡವೆಂದು ತಲೆಯಾಡಿಸಿ ಮಂಚದ ಕೆಳಗೆ ಬೆರಳು ತೋರಿಸಿದ. ಅಮ್ಮ ತಿಳಿಯದವಳಂತೆ ನಿಂತಳು. ಇನ್ನೊಮ್ಮೆ ತೋರಿಸಿದ.

"ಅದು ಬ್ಯಾಡ ಕಣ್ರಿ. ಆಯಮ್ಮ ಬಾಯಿಟ್ಟವ್ಳೆ."

"ಅಯೇ" ಎಂದ ಅಪ್ಪ.

ಹದಿನೈದು ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು. ಅದೇ ಎಂದು ಹೇಳಿದ್ದು. ಗೇಟಿನಾಚೆ ಕೇಳುತ್ತಿದ್ದ ದನಿ ಪಕ್ಕದ ಮಂಚಕ್ಕೂ ಕೇಳುವಂತಿರಲಿಲ್ಲ. ಅಮ್ಮ ಬಗ್ಗಿ ಕವರು ಎಳೆದು, ಗಂಟು ಬಿಚ್ಚಿ, ಹಿತ್ತಾಳೆ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಅವಳ ಮುಖ ನಾನು ನೋಡಲಿಲ್ಲ.

ಅಪ್ಪ ಲಿಂಗಕ್ಕೆ ನೀರು ಮುಟ್ಟಿಸಿದ. ಗಾಯದ ಕಡೆ ಕಟ್ಟುವಂತಿರಲಿಲ್ಲ, ದಾರವನ್ನು ಗಿಡ್ಡ ಮಾಡಿ ಬಲಗಡೆಗೆ ಹಾಕಿಕೊಂಡ. ಆಮೇಲೆ ಲೋಟವನ್ನು ತುಟಿಗಿಟ್ಟು, ಬಲಗಡೆಗೆ ತಲೆ ವಾಲಿಸಿ, ಗದ್ದವನ್ನು ಎದೆಗೆ ತಂದು ನುಂಗಿದ. ಕೆಮ್ಮಿದ. ಕತ್ತಿನ ಮೇಲೆ ನೀರು ಇಳಿಯಿತು. ಅದು ಅವನಿಗೆ ತಿಳಿಯಲಿಲ್ಲ. ಒಳಗೆ ಹೋಯಿತೋ ಹೊರಗೆ ಬಿತ್ತೋ ಎಂದು ನನ್ನ ಮುಖ ನೋಡಿದ. ಮಂಡಿಯಲ್ಲಿ ಒಂದು ಗುಲಗಂಜಿ ತೂಕವನ್ನೂ ಸುಳ್ಳು ಕೂಗದವನಿಗೆ ನಾನು ಸುಳ್ಳು ಹೇಳಲಾರದೆ ಹೋದೆ.

"ಅರ್ಧ ಹೋಯ್ತಪ್ಪ. ಅರ್ಧ ಬಿತ್ತು" ಎಂದೆ. ಟವೆಲ್ಲಿನಿಂದ ಅವನ ಕತ್ತು ಒರೆಸಿ, ಅದರಲ್ಲೇ ನನ್ನ ಕಣ್ಣೂ ಒರೆಸಿಕೊಂಡೆ.

ಅಪ್ಪ ಸರಿ ಎಂದು ತಲೆಯಾಡಿಸಿದ. ಲೋಟದ ತಳದಲ್ಲಿ ಒಂದು ಗುಟುಕು ಉಳಿದಿತ್ತು. ದಿನಾ ಮನೆಯಲ್ಲಿ ಮಾಡುತ್ತಿದ್ದ ಹಾಗೆ ಅದನ್ನು ಅಮ್ಮನ ಕಡೆ ಚಾಚಿದ. ಅಮ್ಮ ಲೋಟವನ್ನು ನೋಡಿದಳು, ಅಂಚಿನಲ್ಲಿ ಹತ್ತಿದ್ದ ಜೊಲ್ಲನ್ನು ನೋಡಿದಳು, ಅಪ್ಪನನ್ನು ನೋಡಿದಳು. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಕುಡಿದಳು. ಆಮೇಲೆ ಜಗ್ಗು ಎತ್ತಿ ಅದೇ ಲೋಟಕ್ಕೆ ಇನ್ನೊಂದು ಸಲ ನೀರು ಬಗ್ಗಿಸಿದಳು.