ಮೀಟರಕ್ಕನ ಪಟ್ಟಿ

ಇಪ್ಪತ್ತೆರಡು ವರ್ಷ ಮನೆಮನೆಯ ನೀರಿನ ಮೀಟರ್ ಓದಿದವಳನ್ನು ಊರೆಲ್ಲ ಮೀಟರಕ್ಕ ಎಂದೇ ಕರೆಯುತ್ತಿತ್ತು. ಅವಳಿಗೆ ಬೇರೊಂದು ಹೆಸರಿದೆ ಎಂಬುದು ಕಚೇರಿಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಯಾವ ಮನೆಯ ಮೀಟರ್ ಮೆಟ್ಟಿಲ ಕೆಳಗಿದೆ, ಯಾವುದು ಹೂಕುಂಡಗಳ ಹಿಂದೆ ಅಡಗಿದೆ, ಯಾವ ನಾಯಿ ಬರೀ ಬೊಗಳುತ್ತದೆ, ಯಾವುದು ನಿಜಕ್ಕೂ ಕಚ್ಚುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಒಂದು ವರ್ಷ ನಗರಸಭೆಯವರು ಕಚೇರಿಯಲ್ಲಿ ಕೂತೇ ಓದಬಹುದಾದ ಹೊಸ ಮೀಟರುಗಳನ್ನು ಹಾಕಿಸಿದರು. ಓದುತ್ತಿದ್ದವರನ್ನೆಲ್ಲ ಬೇರೆ ಬೇರೆ ವಿಭಾಗಗಳಿಗೆ ಹಂಚಿದರು. ಮೀಟರಕ್ಕನ ಪಾಲಿಗೆ ಬಂದದ್ದು ನಿರಾಶ್ರಿತರ ವಿಭಾಗ. ಮೆಟ್ಟಿಲ ಪಕ್ಕದ ಕೋಣೆ, ಎರಡು ಮೇಜು, ಕಟಕಟ ಎನ್ನುವ ಫ್ಯಾನು, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮೇಲ್ವಿಚಾರಕರು. ಇಷ್ಟೇ ಆ ವಿಭಾಗ.

ಸುದ್ದಿ ಕೇಳಿ ಅವಳ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

"ಇಷ್ಟು ದಿನ ಮನೆ ಇದ್ದೋರ ಬಾಗಿಲು ಬಡೀತಿದ್ದೆ. ಇನ್ಮೇಲೆ ಬಾಗಿಲೇ ಇಲ್ಲದೋರ ಹತ್ರ ಹೋಗಿ ಏನನ್ನ ಬಡೀತೀಯೇ?"

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, "ಅವಳನ್ನ ಕುರ್ಚಿಲಿ ಕೂರಿಸೋಕೆ ಆಗಲ್ಲಮ್ಮ, ನೋಡ್ತಿರು," ಎಂದ.

ಅವನ ಮಾತು ಸುಳ್ಳಾಗಲಿಲ್ಲ. ಬೀದಿಯಲ್ಲಿ ಮಲಗುವವರು ಎಷ್ಟು ಮಂದಿ ಎಂದು ಪ್ರತಿ ತಿಂಗಳೂ ಮೇಲಕ್ಕೆ ಕಳಿಸಬೇಕಿತ್ತು. ಮೇಲ್ವಿಚಾರಕರು ಹಳೆಯ ಹಾಳೆಗಳನ್ನು ಅವಳ ಮುಂದೆ ಹರಡಿದರು. ನೂರ ನಲವತ್ತು, ನೂರ ನಲವತ್ತೆರಡು, ನೂರ ನಲವತ್ತೊಂದು.

"ಹೋದ ತಿಂಗಳದ್ದಕ್ಕೆ ಒಂದೋ ಎರಡೋ ಸೇರಿಸಿ, ಇಲ್ಲಾ ಕಳೀರಿ. ಯಾರೂ ಕೇಳಲ್ಲ."

ಮೀಟರಕ್ಕನಿಗೆ ಮೈಯೆಲ್ಲ ಇರಿಸುಮುರಿಸಾಯಿತು. ಕಣ್ಣಿಂದ ನೋಡದೆ ಅಂಕಿ ಬರೆಯುವವರನ್ನು ಅವಳ ಹಳೆಯ ವಿಭಾಗದಲ್ಲಿ ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿರಲಿಲ್ಲ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಹಳೆಯ ರಟ್ಟಿನ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಬಸ್ ನಿಲ್ದಾಣದ ಹಿಂಬದಿ, ಮೇಲ್ಸೇತುವೆಯ ಅಡಿ, ಆಸ್ಪತ್ರೆಯ ಕಾಂಪೌಂಡು, ಮುಚ್ಚಿದ ಅಂಗಡಿಗಳ ಸಾಲು. ಮುದುಡಿದ ಕಂಬಳಿಗಳನ್ನು ಒಂದೊಂದಾಗಿ ಎಣಿಸುತ್ತ ಗೀಟು ಹಾಕುತ್ತ ಹೋದಳು. ಬಟ್ಟೆ ಅಂಗಡಿಯ ಜಗಲಿ ದಾಟುವಾಗ ಕಂಬಳಿಯೊಳಗಿಂದ ಒಂದು ತಲೆ ಹೊರಬಂತು.

"ಏನ್ ತಾಯಿ, ಎಣಿಸ್ತಿದ್ದೀಯಾ? ಈ ಕಂಬಳೀಲಿ ಇಬ್ರಿದ್ದೀವಿ. ನಮ್ಮಕ್ಕನ್ನೂ ಬರ್ಕೊ. ಇಲ್ಲಾಂದ್ರೆ ಇಡೀ ದಿನ ನನ್ನ ತಲೆ ತಿಂತಾಳೆ."

ಮೀಟರಕ್ಕ ನಾಚಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಇಬ್ಬರ ಹೆಸರನ್ನೂ ಕೇಳಿ ಬರೆದುಕೊಂಡಳು. ಅಕ್ಕತಂಗಿಯರು ಚೌಲ್ಟ್ರಿಗಳಲ್ಲಿ ಪಾತ್ರೆ ತೊಳೆಯುವವರು. ಅಲ್ಲಿಂದ ಮುಂದೆ ಅವಳು ಕಂಬಳಿ ಎಣಿಸುವುದನ್ನು ಬಿಟ್ಟಳು.

ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೆಸರು, ವಯಸ್ಸು, ಮಾಡುತ್ತಿದ್ದ ಕೆಲಸ, ಬೀದಿಗೆ ಬಂದ ತಿಂಗಳು. ಕೊನೆಗೆ ಅವಳೇ ಯೋಚಿಸಿ ಸೇರಿಸಿದ ಒಂದು ಪ್ರಶ್ನೆ: "ಕೊನೇ ಸಲ ಸೂರಿನ ಕೆಳಗೆ ಮಲಗಿದ್ದು ಎಲ್ಲಿ?" ಮುಂದಿನ ತಿಂಗಳು ಮತ್ತೆ ಅದೇ ಸುತ್ತು. ಯಾರು ಇದ್ದಾರೆ, ಯಾರು ಹೋದರು, ಹೊಸಬರು ಯಾರು. ಕೆಲವರು ಬೈದರು. ಒಬ್ಬ ಸುಳ್ಳು ಹೆಸರು ಹೇಳಿ, ಎರಡು ತಿಂಗಳಾದ ಮೇಲೆ ತಾನೇ ಕರೆದು ತಿದ್ದಿಸಿದ.

ಐದನೆಯ ತಿಂಗಳಿಗೆ ಪಟ್ಟಿ ಇನ್ನೂರ ಮೂವತ್ತಾರಕ್ಕೆ ಏರಿತು. ಆ ತಿಂಗಳ ಸುತ್ತಿನ ಕೊನೆಯ ದಿನ ಆಸ್ಪತ್ರೆಯ ಗೋಡೆ ಪಕ್ಕ ಕೂತಿದ್ದ ಐವತ್ತರ ಆಸುಪಾಸಿನ ಬಡಗಿಯೊಬ್ಬ ಅವಳ ಕಣ್ಣಿಗೆ ಬಿದ್ದ. ಮುಂಗೈಯಲ್ಲಿ ಆಸ್ಪತ್ರೆಯವರು ಕಟ್ಟಿದ್ದ ಗುರುತಿನ ಪಟ್ಟಿ, ಪಕ್ಕದಲ್ಲಿ ಊರುಗೋಲು.

"ಯಾವಾಗ ಬಂದ್ರಿ ಅಣ್ಣ?"

"ಮೊನ್ನೆ. ಏಣಿಯಿಂದ ಬಿದ್ದು ಸೊಂಟ ಮುರೀತು. ಮೂರು ತಿಂಗಳು ಒಳಗಿದ್ದೆ. ಮೂಳೆ ಕೂಡಿದೆ, ಮನೆಗೆ ಹೋಗಿ ಅಂದ್ರು. ಹೋದ್ರೆ ನನ್ನ ರೂಮಲ್ಲಿ ಬೇರೆ ಯಾರೋ ಸಂಸಾರ ಹೂಡಿದ್ರು."

"ಮತ್ತೆ ಇಲ್ಲೇ ಯಾಕೆ ಬಂದ್ರಿ?"

"ಕಾಲು ಇಷ್ಟೇ ದೂರ ಬಂತಕ್ಕ," ಎಂದು ಅವನು ಊರುಗೋಲು ತೋರಿಸಿದ. ಉಳಿ, ಸುತ್ತಿಗೆ, ಗರಗಸವೆಲ್ಲ ಹಳೆಯ ನೆರೆಯವರ ಅಟ್ಟದ ಮೇಲಿವೆಯಂತೆ. "ಅವರ ಹತ್ರ ಇದ್ರೆ ತುಕ್ಕು ಹಿಡಿಯುತ್ತೆ, ನನ್ನ ಹತ್ರ ಇದ್ರೆ ಕಳುವಾಗುತ್ತೆ. ತುಕ್ಕಾದ್ರೆ ಉಜ್ಜಬಹುದು."

ಕಚೇರಿಗೆ ಬಂದ ಮೀಟರಕ್ಕ ಊಟ ಮರೆತು ಕೂತು ಪಟ್ಟಿಯನ್ನು ಮೊದಲಿಂದ ಓದಿದಳು. ಆ ತಿಂಗಳು ಹೊಸದಾಗಿ ಬೀದಿಗೆ ಬಂದವರು ನಲವತ್ತನಾಲ್ಕು ಮಂದಿ. ಕೊನೆಯ ಪ್ರಶ್ನೆಗೆ ಅವರಲ್ಲಿ ಹದಿನೇಳು ಜನ ಕೊಟ್ಟ ಉತ್ತರ ಒಂದೇ, ಆಸ್ಪತ್ರೆ. ಹಿಂದಿನ ತಿಂಗಳು ಹದಿನೈದು, ಅದರ ಹಿಂದೆ ಹದಿನಾರು. ಅವಳ ಎದೆ ಡವಡವ ಹೊಡೆದುಕೊಂಡಿತು.

ಮೇಲ್ವಿಚಾರಕರ ಎದೆಯೂ ಹೊಡೆದುಕೊಂಡಿತು, ಬೇರೆ ಕಾರಣಕ್ಕೆ. "ನೂರ ನಲವತ್ತರಿಂದ ಇನ್ನೂರ ಮೂವತ್ತಾರಾ? ನಿಮಗೆ ದಮ್ಮಯ್ಯ ಅಂತೀನಿ, ಹಳೇ ಅಂಕಿನೇ ಕಳಿಸಿ. ಎರಡು ವರ್ಷ ಮರ್ಯಾದೆಯಿಂದ ಕಳೆದು ಮನೆಗೆ ಹೋಗ್ತೀನಿ."

"ಸರ್, ಮೀಟರ್ ಜಾಸ್ತಿ ತೋರಿಸಿದ್ರೆ ಮುಳ್ಳನ್ನ ಹಿಂದಕ್ಕೆ ತಿರುಗಿಸ್ತೀವಾ? ಎಲ್ಲಿ ಸೋರ್ತಿದೆ ಅಂತ ಹುಡುಕ್ತೀವಿ. ಇಲ್ಲಿ ಸೋರೋ ಜಾಗ ಗೊತ್ತಾಗಿದೆ."

ಅವರು ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಕನ್ನಡಕ ಏರಿಸಿಕೊಂಡು, "ಆ ಹದಿನೇಳರ ಸಾಲು ಇನ್ನೊಮ್ಮೆ ತೋರಿಸಿ," ಎಂದರು. ಅದರಲ್ಲೊಂದು ಹೆಸರು ಅವರ ಶಾಲೆಯ ಗೆಳೆಯನದು. ಅವರು ಆ ಸಾಲಿನ ಮೇಲೆ ಬೆರಳಿಟ್ಟವರು ತುಂಬಾ ಹೊತ್ತು ತೆಗೆಯಲಿಲ್ಲ.

ನಗರಸಭೆಯ ಆಯುಕ್ತೆ ಕರೆದ ಸಭೆಗೆ ಅವರೇ ಅವಳನ್ನು ಕರೆದುಕೊಂಡು ಹೋದರು. ಮೀಟರಕ್ಕ ಉದ್ದದ ಮೇಜಿನ ಕೊನೆಯಲ್ಲಿ ನಿಂತಳು. ಭಾಷಣ ಮಾಡಿ ಗೊತ್ತಿಲ್ಲದವಳು ಪುಸ್ತಕ ತೆರೆದು ಓದತೊಡಗಿದಳು. ಬಡಗಿ, ಸೊಂಟ, ಆಸ್ಪತ್ರೆ. ಟೈಲರ್, ಕಣ್ಣಿನ ಆಪರೇಷನ್, ಆಸ್ಪತ್ರೆ. ಆಯಾ, ನ್ಯುಮೋನಿಯಾ, ಆಸ್ಪತ್ರೆ. ಹತ್ತನೆಯ ಹೆಸರಿನ ಹೊತ್ತಿಗೆ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತಿದ್ದರು.

ಸಭೆಗೆ ಬಂದಿದ್ದ ಆಸ್ಪತ್ರೆಯ ಹಿರಿಯ ನರ್ಸಿನ ಮುಖ ಕೆಂಪಗಾಯಿತು. "ವಾಸಿಯಾದವರನ್ನ ಕಳಿಸ್ಲೇಬೇಕಲ್ಲ ಮೇಡಂ. ಎಲ್ಲಿಗೆ ಹೋಗ್ತೀರಿ ಅಂತ ಕೇಳೋಕೆ ನಮ್ಮ ಫಾರಂನಲ್ಲಿ ಜಾಗವೇ ಇಲ್ಲ."

"ಹಾಗಾದ್ರೆ ಜಾಗ ಮಾಡೋಣ," ಎಂದರು ಆಯುಕ್ತೆ. ಮನೆಯಿಲ್ಲದವರನ್ನು ಕಳಿಸುವ ಮೂರು ದಿನ ಮುಂಚೆ ಮೀಟರಕ್ಕನಿಗೆ ಫೋನ್ ಮಾಡಬೇಕೆಂದು ತೀರ್ಮಾನವಾಯಿತು. ಅವರನ್ನು ಇರಿಸುವುದೆಲ್ಲಿ ಎಂಬ ಪ್ರಶ್ನೆ ಎದ್ದಿತು. ಹಳೆಯ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದ ಶೆಡ್ಡು ಬೀಗ ಹಾಕಿಕೊಂಡು ಬಿದ್ದಿದೆ ಎಂದು ನೆನಪಿಸಿದವಳೂ ಮೀಟರಕ್ಕನೇ.

ಶೆಡ್ಡಿಗೆ ಸುಣ್ಣ ಬಳಿಯುವ ಮೊದಲೇ ಆ ಬೀದಿಯವರು ಸಹಿ ಹಾಕಿದ ಅರ್ಜಿ ಬಂತು. ನಮ್ಮ ಬೀದಿಯೇ ಯಾಕೆ ಬೇಕು, ಕಳ್ಳಕಾಕರು ಸೇರಿಕೊಂಡರೆ ಯಾರು ಹೊಣೆ ಎಂದು. ಮೀಟರಕ್ಕ ಒಂದು ಭಾನುವಾರ ಪೂರ್ತಿ ಆ ಬೀದಿಯ ಮೂವತ್ತೆಂಟು ಮನೆಗಳ ಬಾಗಿಲು ತಟ್ಟಿದಳು. ಮೀಟರ್ ಓದುವವಳೇ ಬಂದಳೆಂದು ಎಷ್ಟೋ ಜನ ಅಭ್ಯಾಸಬಲದಿಂದ ಗೇಟು ತೆರೆದು ನಾಯಿ ಕಟ್ಟಿದರು. ಅರ್ಜಿ ಬರೆದಿದ್ದ ನಿವೃತ್ತ ಹೆಡ್ಮಾಸ್ತರರು ಮಾತ್ರ ಪಟ್ಟು ಸಡಿಲಿಸಲಿಲ್ಲ.

"ನೀನು ಹೇಳ್ತೀಯ ಅಂತ ನಾನು ಒಪ್ಪಲ್ಲಮ್ಮ. ಬಂದು ನೋಡ್ತೀನಿ. ಸರಿಯಿಲ್ಲದಿದ್ರೆ ಇನ್ನೊಂದು ಅರ್ಜಿ ಬರೀತೀನಿ."

"ದಿನಾ ಬನ್ನಿ ಮೇಷ್ಟ್ರೇ. ಪೇಪರ್ ಓದಿ ಹೇಳೋರು ಬೇಕು ಅಲ್ಲಿ. ಟೈಲರಣ್ಣನಿಗೆ ಕಣ್ಣು ಇನ್ನೂ ಮಂಜು."

ಇಪ್ಪತ್ತನಾಲ್ಕು ಮಂಚಗಳ ಆ ಶೆಡ್ಡು ಶುರುವಾದ ಮೊದಲ ವಾರವೇ ಒಬ್ಬ ಹೇಳದೆ ಕೇಳದೆ ಹೊರಟುಹೋದ, ಎರಡನೆಯ ವಾರ ಛಾವಣಿ ಸೋರಿತು. ಮೀಟರಕ್ಕ ಮನೆಗೆ ಬಂದು ಅಡುಗೆಮನೆಯ ಗೋಡೆಗೊರಗಿ ಕೂತಳು. ಅತ್ತೆ ಟೀ ಲೋಟ ಕೈಗಿಟ್ಟು, "ಒಬ್ಬ ಹೋದ ಅಂತ ಅಳ್ತೀಯಲ್ಲ, ಇಪ್ಪತ್ತಮೂರು ಜನ ಉಳಿದವ್ರೆ. ಮೀಟರ್ ಓದಿದೋಳಿಗೆ ಕಳೆಯೋ ಲೆಕ್ಕ ನಾನು ಹೇಳ್ಕೊಡಬೇಕಾ?" ಎಂದು ಗದರಿದರು.

ಛಾವಣಿಯ ಕೆಲಸಕ್ಕೆ ಶೆಡ್ಡಿನಲ್ಲೇ ಉಳಿದಿದ್ದ ಬಡಗಿ ತಾನೇ ಮುಂದೆ ಬಂದ. ಏಣಿ ಹತ್ತಲು ಅವನಿಗೆ ಇನ್ನೂ ಆಗುತ್ತಿರಲಿಲ್ಲ. ಕೆಳಗೆ ಕುರ್ಚಿ ಹಾಕಿಕೊಂಡು, ಮೇಲೆ ಹತ್ತಿದ್ದ ನಗರಸಭೆಯ ಕೆಲಸಗಾರನಿಗೆ, "ಆ ತೊಲೆ ಬಿಡಪ್ಪ, ಅದರ ಪಕ್ಕದ್ದು!" ಎಂದು ಗಂಟಲು ಕಟ್ಟುವವರೆಗೆ ಕೂಗಿದ. ಅವನ ಉಳಿ, ಗರಗಸ ಅಟ್ಟದಿಂದ ಇಳಿದು ಬಂದವು. ಬಾಗಿಲು, ಕಿಟಕಿ, ಊರುಗೋಲಿನವರು ಹಿಡಿದು ನಡೆಯಲು ಗೋಡೆಗೊಂದು ಮರದ ಹಿಡಿಗೋಲು, ಎಲ್ಲ ಅವನ ಕೈಕೆಲಸ. ಶೆಡ್ಡಿನಲ್ಲಿ ಕೆಲವು ತಿಂಗಳಿದ್ದ ಮೇಲೆ ಹೆಡ್ಮಾಸ್ತರರ ಮನೆಯ ಹಿಂದಿನ ರೂಮಿಗೇ ಅವನು ಬಾಡಿಗೆಗೆ ಹೋದ. ಇಬ್ಬರೂ ದಿನಾ ಜಗಳವಾಡುತ್ತಾರೆ, ದಿನಾ ಒಟ್ಟಿಗೆ ಟೀ ಕುಡಿಯುತ್ತಾರೆ.

ಪಟ್ಟಿಗೆ ವರ್ಷ ತುಂಬುವ ಹೊತ್ತಿಗೆ ಆಸ್ಪತ್ರೆಯಿಂದ ನೇರ ಬೀದಿಗೆ ಬೀಳುವವರ ಸಂಖ್ಯೆ ತಿಂಗಳಿಗೆ ಮೂರಕ್ಕೆ ಇಳಿದಿತ್ತು. ಒಟ್ಟು ಪಟ್ಟಿ ನೂರ ತೊಂಬತ್ತೆಂಟು. ಆಯುಕ್ತೆ ಈಗ ಮೊದಲು ಕೇಳುವುದು ಒಟ್ಟೆಷ್ಟು ಎಂದಲ್ಲ, ಹೊಸಬರು ಎಲ್ಲಿಂದ ಬಂದರು ಎಂದು. ಮೇಲ್ವಿಚಾರಕರು ನಿವೃತ್ತಿಗೆ ಹನ್ನೊಂದು ತಿಂಗಳಿರುವಾಗ ನಡೆಯಲೆಂದೇ ಶೂ ಕೊಂಡು ಬೆಳಗಿನ ಸುತ್ತಿಗೆ ಬರತೊಡಗಿದರು.

ಒಂದು ದಿನ ಪಟ್ಟಿ ನೋಡುತ್ತಿದ್ದ ಅವರೇ ಕೂಗಿದರು. "ಇಲ್ಲಿ ನೋಡಿ ಅಮ್ಮ. ಎರಡು ತಿಂಗಳಲ್ಲಿ ಆರು ಹೆಂಗಸರು. ಆರೂ ಜನ ಮುದುಕರನ್ನ ನೋಡ್ಕೊಳ್ಳೋಕೆ ಅವರ ಮನೇಲೇ ಇದ್ದೋರು. ಮುದುಕರು ತೀರ್ಕೊಂಡ ವಾರಕ್ಕೇ ಬೀದಿಗೆ."

ಮೀಟರಕ್ಕ ಆರು ಸಾಲುಗಳನ್ನೂ ಓದಿದಳು. ಅವರಲ್ಲಿ ನಾಲ್ವರನ್ನು ಕೆಲಸಕ್ಕೆ ಕಳಿಸಿದ್ದು ಪೇಟೆಯ ಒಂದೇ ಏಜೆನ್ಸಿ.

"ಎಷ್ಟು ಗಂಟೆಗೆ ತೆಗೀತಾರೆ ಸರ್ ಅದನ್ನ?"

"ಹತ್ತಕ್ಕೆ."

ಗಡಿಯಾರದಲ್ಲಿ ಒಂಬತ್ತೂ ನಲವತ್ತು. ಅವಳು ಪುಸ್ತಕವನ್ನು ಕಂಕುಳಿಗೆ ಸೇರಿಸಿದಳು. ಮೇಲ್ವಿಚಾರಕರು ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದರು.